ತೂಕದಲ್ಲಿ ತಪ್ಪಿಹೋದ ಮೀನು

ಬಾಪೂಜಿ ನಗರದ ಮುಖ್ಯರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗನೊಬ್ಬ ನನ್ನ ಫೋನಿನ ಗಾಜು ಬದಲಾಯಿಸುತ್ತಲೇ ಕೇಳಿದ: "ಸರ್, ಆಸ್ಟ್ರೇಲಿಯಾದಲ್ಲಿ ಮೀನು ಹಿಡಿಯೋದಕ್ಕೂ ಟೂರ್ನಮೆಂಟ್ ಇದೆ ಗೊತ್ತಾ? ಕಯಾಕ್‌ನಲ್ಲಿ ಕೂತು ಆಡ್ತಾರೆ. ಹಿಡಿದಿದ್ದನ್ನೆಲ್ಲ ಕೊನೆಗೆ ವಾಪಸ್ ನೀರಿಗೇ ಬಿಡ್ತಾರೆ. ಮತ್ತೆ ಗೆದ್ದಿದ್ದು ಯಾರು ಅಂತ ಹೆಂಗೆ ಲೆಕ್ಕ? ನಮ್ಮಲ್ಲಿ ಯಾಕಿಲ್ಲ?" ರಜೆಯ ದಿನ ಗೆಳೆಯರ ಜೊತೆ ಮಾಗಡಿ ಕಡೆಯ ಕೆರೆಗಳಿಗೆ ಹೋಗಿ ಜಿಲೇಬಿ ಮೀನಿಗೆ ಗಾಳ ಹಾಕುವವನು ಅವನು. ಅವನ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಕಾವೇರಿಯವರೆಗೆ ಹೋಗಿಬರಬೇಕು.

ಅವನು ನೋಡಿದ ಟೂರ್ನಮೆಂಟುಗಳು ಬ್ರೀಮ್ ಎಂಬ ಮೀನಿನವು. ಬ್ರೀಮ್ ಭಾರೀ ಮೀನಲ್ಲ. ಒಂದು ಕಿಲೋ ದಾಟಿದರೆ ಹಿಡಿದವನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಉಪ್ಪು ನೀರು ಸಿಹಿ ನೀರು ಬೆರೆಯುವ ಅಳಿವೆಗಳಲ್ಲಿ, ಸೇತುವೆಯ ಕಂಬ, ಜೆಟ್ಟಿಯ ಕಾಲು, ಸಿಂಪಿ ಬೆಳೆಸಲು ನೆಟ್ಟ ಗೂಟಗಳ ನೆರಳಲ್ಲಿ ಅದರ ವಾಸ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಹಳದಿ ರೆಕ್ಕೆಯ ಬ್ರೀಮ್, ದಕ್ಷಿಣದ ಕಡೆ ಕಪ್ಪು ಬ್ರೀಮ್. ಇದೇ ಕುಲದ ಮೀನುಗಳು ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳಲ್ಲೂ ಇವೆ. ನಾವು ಅವನ್ನು ಸಾರಿಗೆ ಹಾಕುತ್ತೇವೆ, ಅವರು ಟೂರ್ನಮೆಂಟ್ ಮಾಡಿದ್ದಾರೆ. ಕಪ್ಪು ಬ್ರೀಮ್ ನಿಧಾನವಾಗಿ ಬೆಳೆಯುತ್ತದೆ, ಇಪ್ಪತ್ತೈದು ವರ್ಷಕ್ಕೂ ಮೇಲೆ ಬದುಕಬಲ್ಲದು. ಅಂದರೆ ತಕ್ಕಡಿಗೆ ಬಂದ ಒಂದು ಕಿಲೋ ಮೀನು ಅದನ್ನು ಹಿಡಿದ ಹುಡುಗನಿಗಿಂತ ವಯಸ್ಸಿನಲ್ಲಿ ಹಿರಿದಾಗಿರುವುದೂ ಉಂಟು. ಅದನ್ನು ಬುಟ್ಟಿಗೆ ಹಾಕಿಕೊಂಡು ಮನೆಗೆ ಹೋದರೆ ಮುಂದಿನ ವರ್ಷ ಟೂರ್ನಮೆಂಟೇ ಇರುವುದಿಲ್ಲ. ವಾಪಸ್ ಬಿಡುವ ನಿಯಮದ ಹಿಂದೆ ದಯೆ ಎಷ್ಟಿದೆಯೋ ಲೆಕ್ಕಾಚಾರವೂ ಅಷ್ಟೇ ಇದೆ.

ನಿಯಮಗಳು ಹೀಗೆ. ಬೆಳಗಿನ ನಿಗದಿತ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹೊರಡಬೇಕು, ಮಧ್ಯಾಹ್ನದ ನಿಗದಿತ ಹೊತ್ತಿಗೆ ವಾಪಸ್ ಬಂದಿರಬೇಕು, ತಡವಾದರೆ ದಂಡ. ಎರೆಹುಳ, ಸೀಗಡಿ ಯಾವುದೂ ಇಲ್ಲ, ಪ್ಲಾಸ್ಟಿಕ್ಕಿನದೋ ಲೋಹದ್ದೋ ಕೃತಕ ಎರೆ ಮಾತ್ರ. ಕಾನೂನು ಹೇಳಿದ ಅಳತೆಗಿಂತ ಚಿಕ್ಕ ಮೀನು ಲೆಕ್ಕಕ್ಕಿಲ್ಲ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಆ ಅಳತೆ 25 ಸೆಂಟಿಮೀಟರ್. ಎಷ್ಟು ಮೀನು ಹಿಡಿದೆ ಎಂಬುದೂ ಲೆಕ್ಕಕ್ಕಿಲ್ಲ. ಮೋಟಾರು ದೋಣಿಯ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಐದು, ಹೋಬಿ ಕಂಪನಿಯ ಹೆಸರಿನಲ್ಲಿ ನಡೆಯುವ ಕಯಾಕ್ ಸರಣಿಯಲ್ಲಿ ಮೂರು, ಅಷ್ಟೇ ಮೀನು ತಕ್ಕಡಿಗೆ ತರಬಹುದು. ಐದು ಸಿಕ್ಕಮೇಲೆ ಆರನೆಯದು ದೊಡ್ಡದು ಬಂತೆನ್ನಿ, ಐದರಲ್ಲಿ ಚಿಕ್ಕದನ್ನು ನೀರಿಗೆ ಬಿಟ್ಟು ದೊಡ್ಡದನ್ನು ಇಟ್ಟುಕೊಳ್ಳಬೇಕು. ಹಿಡಿದ ಮೀನು ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಇರುತ್ತದೆ. ಪಂಪು ಅದಕ್ಕೆ ಸದಾ ಹೊಸ ನೀರು ತುಂಬುತ್ತಿರುತ್ತದೆ. ಕೊನೆಗೆ ಒಟ್ಟು ತೂಕ. ತೊಟ್ಟಿಯಲ್ಲಿ ಮೀನು ಸತ್ತಿದ್ದರೆ ಅದಕ್ಕಾಗಿ ತೂಕ ಕಡಿತ. ಕೆಲವೇ ಗ್ರಾಂಗಳಲ್ಲಿ ಬಹುಮಾನ ಕೈತಪ್ಪುವ ಆಟದಲ್ಲಿ ಈ ಕಡಿತ ಸಣ್ಣದಲ್ಲ.

ಇದರಲ್ಲಿ ಚಾತುರ್ಯ ಎಲ್ಲಿದೆ ಎಂದು ಕೇಳಬಹುದು. ನೀರನ್ನು ಓದುವುದರಲ್ಲಿ ಇದೆ. ಭರತ ಏರುವಾಗ ಬ್ರೀಮ್ ಸಿಂಪಿಯ ಗೂಟಗಳ ಮೇಲ್ಭಾಗಕ್ಕೆ ಬಂದು ಮೇಯುತ್ತದೆ, ಇಳಿಯುವಾಗ ಆಳದ ಅಂಚಿಗೆ ಜಾರುತ್ತದೆ. ಬಲು ಅಳುಕಿನ ಮೀನು. ಅದಕ್ಕೇ ಕೂದಲೆಳೆಯಂಥ ದಾರ. ಆ ತೆಳು ದಾರದಲ್ಲಿ ಸಿಂಪಿಯ ಹರಿತ ಚಿಪ್ಪುಗಳ ನಡುವಿನಿಂದ ಮೀನನ್ನು ಹೊರಗೆಳೆಯುವುದು ಮಾತಿನಷ್ಟು ಸುಲಭವಲ್ಲ. ದೋಣಿಯವನಿಗೆ ದೂರ ಹೋಗುವ ಅನುಕೂಲ ಇದೆ: ಇಂಜಿನ್ನು, ತಳ ತೋರಿಸುವ ಸೋನಾರ್, ಸದ್ದಿಲ್ಲದ ವಿದ್ಯುತ್ ಮೋಟಾರು. ಕಯಾಕಿನವನು ಕಾಲಿನಿಂದ ಪೆಡಲ್ ತುಳಿದುಕೊಂಡು ಹೋಗಬೇಕು, ಕೈ ಮಾತ್ರ ಗಾಳಕ್ಕೆ ಬಿಡುವು. ಅವನು ಹೆಚ್ಚು ದೂರ ಹೋಗಲಾರ, ಆದರೆ ದೋಣಿ ನುಗ್ಗದ ಮೊಣಕಾಲುದ್ದ ನೀರಿಗೆ ಸದ್ದಿಲ್ಲದೆ ನುಗ್ಗುತ್ತಾನೆ. ದೋಣಿಗೆ ಲಕ್ಷಾಂತರ ರೂಪಾಯಿ, ಕಯಾಕಿಗೆ ಅದರ ಒಂದು ಪಾಲು. ಬಾಪೂಜಿ ನಗರದ ಹುಡುಗನ ಕಣ್ಣು ಕಯಾಕಿನ ಮೇಲೆ ಬಿದ್ದುದರಲ್ಲಿ ಅರ್ಥವಿದೆ.

ಇನ್ನು ನಮ್ಮಲ್ಲಿ ಯಾಕಿಲ್ಲ ಎಂಬ ಪ್ರಶ್ನೆ. ಮೊದಲಿಗೆ, ಪೂರ್ತಿ ಇಲ್ಲ ಎನ್ನುವಂತಿಲ್ಲ. ಕೊಡಗಿನ ವಾಲ್ನೂರಿನ ಬಳಿ ಕಾವೇರಿಯ ಒಂದು ಭಾಗವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ನೋಡಿಕೊಳ್ಳುತ್ತ ಬಂದಿದೆ. ಅಲ್ಲಿ ಪರವಾನಗಿ ಪಡೆದು ಗಾಳ ಹಾಕಬೇಕು, ಸಿಕ್ಕಿದ್ದನ್ನು ಬಿಡಬೇಕು. ಅಲ್ಲಿ ಗಾಳದ ಸ್ಪರ್ಧೆಯೂ ನಡೆದಿದೆ. ಬೆಂಗಳೂರಿನ ಪಶ್ಚಿಮದ ಕೆರೆಗಳ ಕಥೆ ಬೇರೆ. ಕೆರೆಯ ಮೀನು ಅಂದರೆ ಮರಿ ಬಿಟ್ಟು ಸಾಕಿದವರ ಸೊತ್ತು, ಹಿಡಿಯುವ ಹಕ್ಕು ಗುತ್ತಿಗೆ ಪಡೆದವರದು. ಅಲ್ಲಿ ಗಾಳ ಹಾಕುವುದು ಇನ್ನೊಬ್ಬರ ತೋಟದಲ್ಲಿ ಮಾವು ಕಿತ್ತಷ್ಟೇ ಹಕ್ಕಿನ ಮಾತು. ಅದೂ ಅಲ್ಲದೆ ನಮ್ಮ ಕೆರೆಗಳಲ್ಲಿ ಮೀನು ಬದುಕಿರುವುದೇ ಒಂದು ಸಾಹಸ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ನಗರ ಮರೆತಿರಲಾರದು.

ಆದರೆ ಕರ್ನಾಟಕದಲ್ಲಿ ಗಾಳದ ಆಟಕ್ಕೆ ಇರುವ ಇತಿಹಾಸ ಆಸ್ಟ್ರೇಲಿಯಾದ ಬ್ರೀಮ್ ಟೂರ್ನಮೆಂಟಿಗಿಂತ ಎಷ್ಟೋ ಹಳೆಯದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದು, ನಮ್ಮ ಹೊಳೆಗಳ ಮಹಶೀರ್ ಎಂಬ ಮೀನಿನ ಮುಂದೆ ಅವರ ಊರಿನ ಸಾಲ್ಮನ್ ಏನೂ ಅಲ್ಲ ಎಂಬ ಅರ್ಥದ ಮಾತು ಹೇಳಿದ. ಆಮೇಲೆ ದೊರೆಗಳ ಕಣ್ಣು ಕಾವೇರಿ, ಕಬಿನಿಗಳ ಮೇಲೆ ಬಿತ್ತು. 1919ರಲ್ಲಿ ಒಂದು ಮಹಶೀರ್ 119 ಪೌಂಡ್ ತೂಗಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡ್, ಸುಮಾರು 54 ಕಿಲೋ. ಹುಲಿ, ಚಿರತೆಗಳ ಚರ್ಮಕ್ಕೆ ಜೀವ ಬಂದಂತೆ ಹದಮಾಡಿ ಕೊಡುತ್ತಿದ್ದ ಮನೆತನ ಅದು. ಅವರ ಕೈಗೇ ಆ ಮೀನು ಸಿಕ್ಕಿದ್ದು ತಮಾಷೆಯ ಸಂಗತಿ. ಆಗ ಬಿಡುವ ಮಾತಿರಲಿಲ್ಲ, ತೂಗಿ ಗೋಡೆಗೆ ಹಾಕುವ ಕಾಲ. ನಿಯಮವಿಲ್ಲದ ಟೂರ್ನಮೆಂಟ್ ಅಂದರೂ ಸರಿಯೇ: ನಿನ್ನದೆಷ್ಟು ಪೌಂಡು, ನನ್ನದೆಷ್ಟು?

ಸ್ವಾತಂತ್ರ್ಯದ ನಂತರ ಗಾಳದವರು ಕಡಿಮೆಯಾದರು, ತೋಟೆ ಹಾಕುವವರು ಹೆಚ್ಚಾದರು. ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿದೆ. ಕಾಯ್ದೆ ಪುಸ್ತಕದಲ್ಲಿತ್ತು, ತೋಟೆ ಮಡುವಿನಲ್ಲಿತ್ತು. ದೊಡ್ಡ ಮಹಶೀರ್ ಮುಗಿದೇಹೋಯಿತು ಎಂದು ಗಾಳದ ಲೋಕ ಕೈಚೆಲ್ಲಿದ್ದಾಗ, 1977-78ರಲ್ಲಿ ಮೂವರು ಬ್ರಿಟಿಷ್ ಯುವಕರು ಊರೂರು ಅಲೆಯುತ್ತ ಬಂದು ಕಾವೇರಿಯಲ್ಲಿ ಮತ್ತೆ 90 ಪೌಂಡ್ ದಾಟಿದ ಮೀನು ಹಿಡಿದು ತೋರಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಆಗಲೇ ಶಿವನಸಮುದ್ರದ ಕೆಳಗಿನ ಕಾವೇರಿಯ ಒಂದು ಭಾಗವನ್ನು ಕಾಯುತ್ತಿತ್ತು. ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರ ತೆರೆಯಿತು. ದೂರದೇಶದವರು ಕಾಸು ಕೊಟ್ಟು ಬಂದರು. ನದಿಯ ಬಂಡೆ, ಮಡು, ಸುಳಿಗಳನ್ನೆಲ್ಲ ಅಂಗೈ ಗೆರೆಯಂತೆ ಬಲ್ಲ ಸ್ಥಳೀಯರಿಗೆ, ಹಿಂದೆ ತೋಟೆ ಹಾಕುತ್ತಿದ್ದ ಕೆಲವರಿಗೂ, ಗೈಡ್ ಕೆಲಸ ಸಿಕ್ಕಿತು. ಹಿಡಿದ ಮೀನನ್ನು ಬಿಡುವುದು ಕಡ್ಡಾಯವಾಯಿತು. ಬದುಕಿದ ಮಹಶೀರ್‌ನಿಂದ ಪ್ರತಿವರ್ಷ ಸಂಬಳ, ಸತ್ತದ್ದರಿಂದ ಒಂದು ಹೊತ್ತಿನ ಸಾರು. ಈ ಸರಳ ಲೆಕ್ಕ ಹಲವಾರು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಅಲ್ಲಿನ ಗಾಳದ ಬಗೆ ನೋಡಿದರೆ ನಮ್ಮೂರಿನವರಿಗೆ ಖುಷಿಯಾಗಬೇಕು. ಎರೆ ರಾಗಿಯದಾಗಿತ್ತು. ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಕಟ್ಟಿ, ಕುದಿವ ನೀರಿನಲ್ಲಿ ಬೇಯಿಸಿ ರಬ್ಬರಿನಂತೆ ಬಿರುಸು ಮಾಡುತ್ತಿದ್ದರು. ಮೆತ್ತಗಿದ್ದರೆ ಸಣ್ಣ ಮೀನುಗಳು ಚೂರುಚೂರೇ ಕಿತ್ತು ಮುಗಿಸಿಬಿಡುತ್ತವೆ; ಬಿರುಸಾಗಿದ್ದರೆ ದೊಡ್ಡ ಬಾಯಿಯದೇ ಬರಬೇಕು. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಏಡಿಯನ್ನೂ ಚಿಪ್ಪನ್ನೂ ಅಲ್ಲೇ ಪುಡಿಮಾಡುತ್ತದೆ. ಮುದ್ದೆ ನುಂಗುವುದಕ್ಕೆ ಹೇಳಿಮಾಡಿಸಿದ ಗಂಟಲು ಎನ್ನಬೇಕು.

ದೋಣಿ ಅಂದರೆ ತೆಪ್ಪ. ಬಿದಿರ ಹೆಣಿಗೆಯ ದುಂಡು ತೆಪ್ಪ, ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ. ಕಯಾಕಿಗೆ ಮೂತಿ ಇದೆ, ಅದು ಒಂದು ದಿಕ್ಕಿಗೆ ಹೋಗುತ್ತದೆ. ತೆಪ್ಪಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ದೊಡ್ಡ ಮೀನು ಗಾಳ ಕಚ್ಚಿದ ಕೂಡಲೇ ಪ್ರವಾಹದ ಜೊತೆ ಬಂಡೆಗಳ ನಡುವೆ ಕೆಳಕ್ಕೆ ಓಡುತ್ತದೆ. ದಡದಲ್ಲಿ ನಿಂತವನ ದಾರ ಮುಗಿದುಹೋಗುತ್ತದೆ. ಆಗ ಅಂಬಿಗ ಒಂದೇ ಹುಟ್ಟಿನಲ್ಲಿ ತೆಪ್ಪವನ್ನು ತಿರುಗಿಸುತ್ತ ಮೀನಿನ ಹಿಂದೆ ಬಿಡುತ್ತಾನೆ, ದಾರ ಬಂಡೆಗೆ ಸಿಕ್ಕಿದರೆ ಬಂಡೆಯ ಸುತ್ತ ತೆಪ್ಪವನ್ನೇ ಒಯ್ದು ಬಿಡಿಸುತ್ತಾನೆ. ತೂಕದ ಪಟ್ಟಿಯಲ್ಲಿ ಹೆಸರು ಗಾಳ ಹಿಡಿದವನದು. ಮೀನು ಹಿಡಿದದ್ದು ಮುಕ್ಕಾಲು ಪಾಲು ಅಂಬಿಗ ಎಂದು ನನ್ನ ಅನಿಸಿಕೆ. ಹಳೆಯ ಫೋಟೋಗಳಲ್ಲಿ ಅವನು ಹಿಂದೆ ನಿಂತಿರುತ್ತಾನೆ, ಅಡಿಬರಹದಲ್ಲಿ ಇರುವುದಿಲ್ಲ.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಗಾಲಿಬೋರೆ ಶಿಬಿರದಲ್ಲಿ ಒಂದು ಒಳ್ಳೆಯ ಅಭ್ಯಾಸವಿತ್ತು. ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ಒಂದೊಂದರ ತೂಕ ಎಷ್ಟು, ಎಲ್ಲವನ್ನೂ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯನ್ನು ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಕೂತು ಲೆಕ್ಕಹಾಕಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆಗಳ ಗಾಳ, 6,161 ಮಹಶೀರ್. ಅತಿ ಚಿಕ್ಕದು ಅರ್ಧ ಕಿಲೋಗೂ ಕಡಿಮೆ, ಅತಿ ದೊಡ್ಡದು 46.8 ಕಿಲೋ. ಭಾಗಿಸಿ ನೋಡಿದರೆ ನಾಲ್ಕು ಗಂಟೆಗೆ ಹೆಚ್ಚುಕಮ್ಮಿ ಒಂದು ಮೀನು. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಹೋಯಿತು. ಟೂರ್ನಮೆಂಟ್ ನಡೆಸುವವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಬೇಕೆ? ಕಾವಲು ಫಲಿಸಿತು, ನದಿ ತುಂಬಿತು ಎಂದು ಬ್ಯಾನರ್ ಕಟ್ಟಬಹುದಿತ್ತು.

ಅದೇ ದಾಖಲೆಯ ಇನ್ನೊಂದು ಅಂಕಣ ಬೇರೆಯದನ್ನೇ ಹೇಳಿತು. ಸಿಕ್ಕುವ ಮೀನಿನ ಸರಾಸರಿ ತೂಕ ಇಳಿಯುತ್ತಿತ್ತು. ಕಾರಣ, ಏರುತ್ತಿದ್ದದ್ದು ಒಂದು ಮೀನು, ಇಳಿಯುತ್ತಿದ್ದದ್ದು ಇನ್ನೊಂದು. 120 ಪೌಂಡಿನ ದಾಖಲೆ ಮಾಡಿದ್ದು ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್. ಬಾಲ ಮತ್ತು ರೆಕ್ಕೆಗಳು ಕಿತ್ತಳೆ ಬಣ್ಣ, ತಲೆಯ ಹಿಂದೆಯೇ ಏಳುವ ಉಬ್ಬು. ಗಾಲಿಬೋರೆಯ ಪುಸ್ತಕ ತುಂಬಿಸುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯದಲ್ಲ, ಕೃಷ್ಣಾ ಕಡೆಯದು; 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಮುಳಾ-ಮುಠಾ ಹೊಳೆಯಲ್ಲಿ ಅದನ್ನು ಗುರುತಿಸಿ ಹೆಸರಿಟ್ಟಿದ್ದ. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಸಾಕಣೆ ಕೇಂದ್ರ ಅದರ ಮರಿಗಳನ್ನು ಬೆಳೆಸಿ ದೇಶದ ನದಿಗಳಿಗೆಲ್ಲ ಕೊಟ್ಟಿತು, 1970ರ ದಶಕದ ಕೊನೆಯ ಹೊತ್ತಿಗೆ ಕಾವೇರಿಗೂ ಬಂದವು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಮರಿ ಬಿಡೋಣ ಎಂದರು. ಯಾವ ಮಹಶೀರ್ ಎಂದು ಕೇಳುವ ಅಗತ್ಯ ಆಗ ಯಾರಿಗೂ ಕಾಣಲಿಲ್ಲ. ಹೊಸಬ ಬೇಗ ಬೆಳೆದ, ಬೇಗ ಹೆಚ್ಚಿದ. ಮನೆಯವನ ಮರಿಗಳು ಬರುಬರುತ್ತಾ ಗಾಳಕ್ಕೆ ಸಿಗುವುದೇ ನಿಂತಿತು.

ಈ ಗೂನುಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಕೂಡ ಇರಲಿಲ್ಲ! ಹುಲಿಯಷ್ಟೇ ಖ್ಯಾತಿ, ಗೋಡೆಗಳ ತುಂಬ ಫೋಟೋ, ಆದರೆ ವಸ್ತುಸಂಗ್ರಹಾಲಯದಲ್ಲಿ ಒಪ್ಪುವ ಮಾದರಿ ಇಲ್ಲ, ಹೆಸರಿಲ್ಲ. ಹೆಸರಿಲ್ಲದ ಪ್ರಾಣಿ ಅಳಿವಿನ ಪಟ್ಟಿಗೆ ಸೇರುವುದು ಕಷ್ಟ. ಕೊನೆಗೆ ಕಾವೇರಿಯ ಕೂಡುಹೊಳೆಗಳಲ್ಲಿ ಹುಡುಕಿ, ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳ ಡಿಎನ್ಎ ಹೋಲಿಸಿದರು. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವಿವರಿಸಿದ್ದ, ಪ್ರಾಣಿವಿಜ್ಞಾನಿ ರೆಮಾದೇವಿ ಅವರ ಹೆಸರು ಹೊತ್ತ ಟಾರ್ ರೆಮಾದೇವಿ ಎಂಬ ಮೀನೂ ಇದೂ ಒಂದೇ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ ಎಂದು ಪಟ್ಟಿಗೆ ಸೇರಿಸಿತು. ನೀಲಿ ರೆಕ್ಕೆಯದಕ್ಕೆ ಅಂಥ ಆತಂಕವಿಲ್ಲ ಎಂದು ಅದೇ ಪಟ್ಟಿ ಹೇಳಿತು.

ಈಗ ಟೂರ್ನಮೆಂಟಿನ ಲೆಕ್ಕವನ್ನು ಗಾಲಿಬೋರೆಗೆ ಹಾಕಿ ನೋಡಿ. ಒಟ್ಟು ಮೀನಿನ ಸ್ಪರ್ಧೆಯಾಗಿದ್ದರೆ ಹದಿನೈದು ವರ್ಷವೂ ಅಂಕ ಏರುತ್ತಲೇ ಇರುತ್ತಿತ್ತು, ಮೂಲದ ಮೀನು ಕೈಜಾರುತ್ತಲೇ ಇರುತ್ತಿತ್ತು. ಅತಿ ದೊಡ್ಡ ಮೀನಿಗೆ ಬಹುಮಾನ ಎಂದಿದ್ದರೆ ಉಳಿದ ಕೆಲವು ಹಳೆಯ ಗೂನುಬೆನ್ನಿನವೇ ಮತ್ತೆ ಮತ್ತೆ ಗಾಳಕ್ಕೆ ಸಿಕ್ಕಿ ದಣಿಯುತ್ತಿದ್ದವು. ಕಾವೇರಿಯಲ್ಲೇ ನೀಲಿ ರೆಕ್ಕೆಯ ಮಹಶೀರ್ ಮೇಲೆ ನಡೆದ ಅಧ್ಯಯನವೊಂದು ಹೇಳುವಂತೆ ಗಾಳದಿಂದ ಬಿಟ್ಟ ಮೀನು ಸಾಮಾನ್ಯವಾಗಿ ಬದುಕುತ್ತದೆ. ಆದರೆ ಮೀನು ದೊಡ್ಡದಾದಷ್ಟು, ಸೆಣಸಾಟ ಉದ್ದವಾದಷ್ಟು, ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಅದು ಹೆಚ್ಚು ಬಳಲುತ್ತದೆ. ನಾವು ಬಹುಮಾನ ಕೊಡಬೇಕೆನ್ನುವುದು ಸರಿಯಾಗಿ ಆ ಮೀನಿಗೇ. ಗಾಳದ ಆಟ ಕ್ರೂರ, ನಿಲ್ಲಿಸಿ ಎನ್ನುವವರ ಜೊತೆ ನಾನಿಲ್ಲ. ಗಾಳದವರ ಪುಸ್ತಕ ಇಲ್ಲದಿದ್ದರೆ ಈ ಮೀನು ಹೋಗುತ್ತಿರುವುದೇ ನಮಗೆ ತಿಳಿಯುತ್ತಿರಲಿಲ್ಲ. ಅದನ್ನು ಬರೆದದ್ದು ಯಾವ ಇಲಾಖೆಯೂ ಅಲ್ಲ, ರಜೆಗೆ ಬಂದ ಹವ್ಯಾಸಿಗಳು ಮತ್ತು ಅವರ ಗೈಡುಗಳು. ಕಾವೇರಿ ವನ್ಯಜೀವಿಧಾಮದೊಳಗಿನ ಆ ಶಿಬಿರಗಳಲ್ಲಿ ಕಾನೂನಿನ ಕಾರಣಕ್ಕೆ ಗಾಳ ನಿಂತದ್ದು ಸುಮಾರು 2012ರಲ್ಲಿ. ಗಾಲಿಬೋರೆಯ ದಾಖಲೆ ಆ ವರ್ಷಕ್ಕೇ ಮುಗಿದಿರುವುದು ಕಾಕತಾಳೀಯವಲ್ಲ. ಗಾಳ ನಿಂತಾಗ ಕಾವಲಿನ ಕಣ್ಣುಗಳೂ ಕಡಿಮೆಯಾದವು, ಲೆಕ್ಕವೂ ನಿಂತಿತು. ಕಾನೂನನ್ನು ಓದಿದವರಿಗೆ ಇದು ಸರಿ. ನದಿಯ ದೃಷ್ಟಿಯಿಂದ ನನಗೆ ಅಷ್ಟು ಖಚಿತವಿಲ್ಲ.

ಹಾಗಾದರೆ ನಮ್ಮ ನೀರಿಗೆ ಹೊಂದುವ ಸ್ಪರ್ಧೆ ಹೇಗಿರಬೇಕು? ಮೊದಲಿಗೆ ತೊಟ್ಟಿ ಬೇಡ. 20 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಗೆ ಏಳೂವರೆ. ಬೇಸಿಗೆಯಲ್ಲಿ ನಮ್ಮ ಮೀನನ್ನು ಮಧ್ಯಾಹ್ನದವರೆಗೆ ತೊಟ್ಟಿಯಲ್ಲಿ ಇಟ್ಟುಕೊಂಡರೆ ಪಂಪು ಎಷ್ಟು ಓಡಿದರೂ ಅದು ಶಿಕ್ಷೆಯೇ. ಅಮೆರಿಕದ ಕಯಾಕ್ ಸ್ಪರ್ಧೆಗಳಲ್ಲಿ ಇದಕ್ಕೆ ಉಪಾಯವಿದೆ. ಅಳತೆಯ ಗೆರೆಗಳಿರುವ ಹಲಗೆಯ ಮೇಲೆ ಮೀನನ್ನು ಒಂದು ಕ್ಷಣ ಮಲಗಿಸಿ, ಪಕ್ಕದಲ್ಲಿ ಆ ದಿನದ ಗುರುತಿನ ಚೀಟಿ ಇಟ್ಟು, ಫೋಟೋ ತೆಗೆದು ಅಲ್ಲೇ ಬಿಟ್ಟುಬಿಡುತ್ತಾರೆ. ಫೋಟೋ ಮೊಬೈಲಿನಿಂದ ತೀರ್ಪುಗಾರರಿಗೆ ಹೋಗುತ್ತದೆ, ಇಂಚು ಕೂಡಿಸಿ ಅಂಕ. ತಕ್ಕಡಿಯೂ ಬೇಡ, ಪೆಂಡಾಲೂ ಬೇಡ. ಭಾಷಣವಿಲ್ಲದ ಬಹುಮಾನ ವಿತರಣೆ ನಮ್ಮ ಸಂಘಗಳಿಗೆ ಒಗ್ಗುತ್ತದೆಯೋ ಇಲ್ಲವೋ ಅದು ಬೇರೆ ಮಾತು.

ಎರಡನೆಯದು, ಅಂಕ ಯಾವ ಮೀನಿಗೆ ಎಂಬುದು. ಕೆರೆ, ಜಲಾಶಯಗಳಲ್ಲಿ ಜಿಲೇಬಿ ಮೀನು ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಹೊರಗಿನಿಂದ ಬಂದು ಊರಿನ ಮೀನನ್ನು ಮೂಲೆಗೆ ತಳ್ಳಿವೆ. ಅವನ್ನು ಹಿಡಿದವರಿಗೆ ಅಂಕ ಕೊಟ್ಟು, ವಾಪಸ್ ಬಿಡದಂತೆ ನಿಯಮ ಮಾಡಬಹುದು. ಊರಿನ ಮೀನು ಸಿಕ್ಕರೆ ಫೋಟೋ ತೆಗೆದು ಬಿಟ್ಟದ್ದಕ್ಕೆ ಹೆಚ್ಚಿನ ಅಂಕ. ಕರಾವಳಿಯ ಅಳಿವೆಗಳಲ್ಲಿ ಬ್ರೀಮ್‌ನ ನಮ್ಮ ಬಳಗದ ಮೀನುಗಳಿಗೆ ಇದೇ ಹಲಗೆಯ ಪದ್ಧತಿ ತಂದರೆ, ಈಗ ಸಾಲಿಗ್ರಾಮದ ಕಡೆ ಪ್ರವಾಸಿಗರನ್ನು ಕಾಂಡ್ಲಾ ಕಾಡಿನೊಳಗೆ ಸುತ್ತಿಸುತ್ತಿರುವ ಕಯಾಕುಗಳಿಗೆ ಇನ್ನೊಂದು ಕೆಲಸ ಸಿಗುತ್ತದೆ, ಅಳಿವೆಯಲ್ಲಿ ಏನಿದೆ ಎಂಬ ದಾಖಲೆಯೂ ಆಗುತ್ತದೆ.

ಉಳಿದದ್ದು ಕೈಯ ಶಿಸ್ತು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ ಬಿಡಿಸುವಾಗ ಬಾಯಿ ಹರಿಯುವುದಿಲ್ಲ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತರೆ ಬೂಷ್ಟು, ಹುಣ್ಣಿಗೆ ಬಾಗಿಲು ತೆರೆದಂತೆ. ಕಿವಿರಿಗೆ ಬೆರಳು ಹಾಕಿ ಎತ್ತಿ ಹಿಡಿಯುವ ಫೋಟೋದ ಚಪಲವನ್ನು ಬಿಡಬೇಕು. ಮಹಶೀರ್ ಮಳೆಗಾಲದಲ್ಲಿ ಹೊಸ ನೀರಿಗೆ ಎದುರಾಗಿ ಮೇಲಕ್ಕೆ ಹೋಗಿ ಮೊಟ್ಟೆ ಇಡುತ್ತದೆ, ಆ ತಿಂಗಳುಗಳಲ್ಲಿ ಗಾಳ ಮನೆಯಲ್ಲೇ ಇರಲಿ. ಹೊರಡುವ ಮುನ್ನ ಪರವಾನಗಿ ಕೊಡುವವರು ಮೀನುಗಾರಿಕೆ ಇಲಾಖೆಯೋ ಅರಣ್ಯ ಇಲಾಖೆಯೋ ಎಂದು ಕೇಳಿ ತಿಳಿಯುವುದು ಒಳ್ಳೆಯದು. ವನ್ಯಜೀವಿಧಾಮದೊಳಗೆ ಗಾಳ ಹಿಡಿದು ಸಿಕ್ಕಿಬಿದ್ದವನಿಗೆ ಹವ್ಯಾಸ ಎಂಬ ಸಮಜಾಯಿಷಿ ಕೆಲಸಕ್ಕೆ ಬಾರದು.

ಇಷ್ಟೆಲ್ಲ ನೂರು ಕಿಲೋಮೀಟರ್ ದೂರದ ನದಿಯ ಮಾತು ಎಂದು ಬಾಪೂಜಿ ನಗರದವರು ಅಂದುಕೊಳ್ಳುವ ಹಾಗಿಲ್ಲ. ನಮ್ಮ ಬಡಾವಣೆಯ ನಲ್ಲಿಗೆ ಬರುವ ಕಾವೇರಿ ನೀರನ್ನು ಶಿವನಸಮುದ್ರದ ಮೇಲ್ಭಾಗದಿಂದ ತಿರುಗಿಸಿ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. ಬಳಸಿ ಚೆಲ್ಲಿದ ನೀರು ರಾಜಕಾಲುವೆ ಹಿಡಿದು ವೃಷಭಾವತಿ ಸೇರುತ್ತದೆ. ಗಾಳಿ ಆಂಜನೇಯ ದೇವಸ್ಥಾನದ ಹತ್ತಿರ ಹಾಯುವಾಗ ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ, ಅದೇ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಮೇಲೆ ನಾವು ನೀರು ಎತ್ತುವ ಜಾಗ, ಕೆಳಗೆ ನಾವು ಕೊಳೆ ಬಿಡುವ ಜಾಗ. ದೊಡ್ಡಮಾಕಳಿ, ಭೀಮೇಶ್ವರಿ, ಗಾಲಿಬೋರೆ ಇವೆರಡರ ನಡುವೆ ಸಿಕ್ಕಿಕೊಂಡಿವೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ನಗರಕ್ಕೆ ಬರತೊಡಗಿತು. ಅಷ್ಟು ಬಂದರೆ ಹೆಚ್ಚುಕಡಿಮೆ ಅಷ್ಟೇ ಹೊರಗೂ ಹೋಗಬೇಕು.

ಸಂಗಮದಿಂದ ಸ್ವಲ್ಪವೇ ಕೆಳಗೆ ಮೇಕೆದಾಟು. ಬೆಂಗಳೂರಿಗೆ ಕುಡಿಯುವ ನೀರು ಮತ್ತು 400 ಮೆಗಾವಾಟ್ ವಿದ್ಯುತ್ತಿಗಾಗಿ ಅಲ್ಲಿ 67.16 ಟಿಎಂಸಿ ನೀರು ನಿಲ್ಲಿಸುವ ಯೋಜನೆ ಇದೆ. ತಮಿಳುನಾಡಿನೊಂದಿಗಿನ ಜಗಳದಲ್ಲಿ ಈ ಮಾತು ನೂರು ಸಲ ಕೇಳಿದ್ದೇವೆ, ಮೀನಿನ ಮಾತು ಆ ಜಗಳದಲ್ಲಿ ಬರುವುದಿಲ್ಲ. ಗೂನುಬೆನ್ನಿನ ಮಹಶೀರ್‌ಗೆ ಬೇಕಾದದ್ದು ಬಂಡೆಗಳ ನಡುವೆ ಧುಮ್ಮಿಕ್ಕಿ ಹರಿವ, ಆಮ್ಲಜನಕ ತುಂಬಿದ ನೀರು. ಅಣೆಕಟ್ಟು ಕೊಡುವುದು ನಿಂತ ನೀರು. ಹಾಗೆಂದು ಅಲ್ಲಿ ಮೀನಿಗೆ ಬರ ಬರುವುದಿಲ್ಲ. ಇಲಾಖೆ ಕಟ್ಲಾ, ರೋಹು ಮರಿ ಬಿಡುತ್ತದೆ, ಜಿಲೇಬಿ ಮೀನು ಕರೆಯದಿದ್ದರೂ ಬರುತ್ತದೆ. ವಿಶಾಲ ನೀರು, ದೋಣಿ ಇಳಿಸಲು ಜೆಟ್ಟಿ, ಕಯಾಕ್ ಬಾಡಿಗೆ, ಹತ್ತಿರದಲ್ಲೇ ಊಟದ ಹೋಟೆಲ್ಲು. ರಾಜ್ಯಮಟ್ಟದ ಗಾಳದ ಟೂರ್ನಮೆಂಟ್ ನಡೆಸಲು ಕರ್ನಾಟಕದಲ್ಲಿ ಅದಕ್ಕಿಂತ ಅನುಕೂಲದ ಜಾಗ ಆಗ ಬೇರೆ ಇರಲಾರದು. ಅಂಕದ ಹಾಳೆ ಮೊದಲ ವರ್ಷವೇ ತುಂಬುತ್ತದೆ.